ಮಳೆಗೆ ಮೊದಲು ಮಾಡು ನೋಡಿ

ಹಂಚಿನ ಮನೆಯ ಮಾಡು ಸೋರುತ್ತದೆಯೇ ಎಂದು ತಿಳಿಯಲು ಮಳೆಗಾಗಿ ಕಾಯಬೇಕಿಲ್ಲ ಮಕ್ಕಳೇ, ಬಿಸಿಲೇ ಹೇಳುತ್ತದೆ. ಮೇ ತಿಂಗಳ ಮಧ್ಯಾಹ್ನ ಅಜ್ಜನ ಜೊತೆ ಅಟ್ಟಕ್ಕೆ ಹೋಗಿ, ಕಿಟಕಿ ಮುಚ್ಚಿ, ಮೇಲೆ ನೋಡಿ. ಹಂಚಿನ ಮೈಯಲ್ಲಿ ಬೆಳಕಿನ ಚುಕ್ಕಿ ಕಂಡರೆ ಅದು ಒಡೆದಿದೆ. ಎರಡು ಹಂಚುಗಳ ನಡುವೆ ಅಗಲವಾದ ಬೆಳಕು ಕಂಡರೆ ಒಂದು ಜಾರಿದೆ. ಪಕ್ಕದ ರೀಪಿನ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿ.

1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಮಂಗಳೂರು ಹಂಚಿನ ಜಾಣತನ ಅದರ ಅಂಚಿನಲ್ಲಿದೆ. ಒಂದರ ಅಂಚು ಪಕ್ಕದ್ದರ ತೋಡಿನಲ್ಲಿ ಕೂರುತ್ತದೆ. ಹಿಂಬದಿಯ ಉಬ್ಬು ರೀಪನ್ನು ಹಿಡಿದುಕೊಳ್ಳುತ್ತದೆ. ಹಾಗಾಗಿ ಒಡೆದ ಒಂದನ್ನೇ ತೆಗೆದು ಬದಲಿಸಬಹುದು.

ಆ ತೋಡಿನಲ್ಲಿ ತರಗೆಲೆ, ಪಾಚಿ ತುಂಬಿದರೆ ನೀರು ಅಡ್ಡ ಹರಿದು ಒಳಗಿಳಿಯುತ್ತದೆ. ಒದ್ದೆಯಾದ ರೀಪು ಕುಂಬಾಗುತ್ತದೆ, ಗೆದ್ದಲು ಹಿಡಿಯುತ್ತದೆ. ಒಂದು ಹಂಚಿನ ಉದಾಸೀನ ಇಡೀ ಮಾಡಿಗೇ ಕುತ್ತು ತರಬಹುದು.

ಮಾಡು ಹತ್ತುವುದು ಮಾತ್ರ ಅನುಭವಸ್ಥರ ಕೆಲಸ. ಪಾಚಿ ಜಾರುತ್ತದೆ, ಹಂಚಿನ ನಡುವೆ ಕಾಲಿಟ್ಟರೆ ಮುರಿಯುತ್ತದೆ. ಅಜ್ಜನೂ ಹತ್ತುವುದು ಬೇಡ. ನೀವಿಬ್ಬರೂ ಕೆಳಗೆ ಕುಳಿತು ಬದಲಿ ಹಂಚುಗಳನ್ನು ಬೆರಳಿನಿಂದ ತಟ್ಟಿ ನೋಡಿ: ‘ಠಣ್’ ಎಂದರೆ ಗಟ್ಟಿ, ‘ಬದ್’ ಎಂದರೆ ಒಳಗೆ ಬಿರುಕಿದೆ, ಪಕ್ಕಕ್ಕಿಡಿ.