ಎಲ್ಲ ಊರಲ್ಲೂ ಅದೇ ಅಂಗಡಿ: ನಮ್ಮ ಬೆಳೆಗೆ ಜಾಗ ಎಲ್ಲಿ?

'ದೊಡ್ಡ ಕಂಪೆನಿ ಅಂಗಡಿ ನಮ್ಮ ಕಡೆಗೂ ಬಂದ್ರೆ ಬೆಳೆದದ್ದೆಲ್ಲ ಒಂದೇ ಕಡೆ ಕೊಟ್ಟು ಆರಾಮಾಗಿ ಇರ್ಬಹುದಿತ್ತು ಮಾರಾಯ.' ಮಿರ್ಜಾನದ ಸುತ್ತಿನ ಕೃಷಿಕರು ನಾಲ್ಕು ಜನ ಕೂತಲ್ಲಿ ಈ ಮಾತು ಬಂದೇ ಬರುತ್ತದೆ. ಆಸೆ ತಪ್ಪಲ್ಲ. ಸಂತೆಯಲ್ಲಿ ಬಿಸಿಲಿಗೆ ಕೂರುವ ಕಷ್ಟ ಕೂತವರಿಗೇ ಗೊತ್ತು. ಆದರೆ ಹೀಗೆ ಬಂದ ದೊಡ್ಡ ಅಂಗಡಿಗಳಿಗೆ ಏನಾಯಿತು ಎಂಬುದನ್ನೂ ಒಮ್ಮೆ ನೋಡಬೇಕು.

ಎದ್ದವರು, ಬಿದ್ದವರು

1997ರಲ್ಲಿ ಚೆನ್ನೈಯಲ್ಲಿ ಶುರುವಾದ ಸುಭಿಕ್ಷಾ ಹತ್ತೇ ವರ್ಷ ಚಿಲ್ಲರೆಯಲ್ಲಿ ದೇಶದ ತುಂಬ ಸುಮಾರು 1,600 ಅಂಗಡಿ ತೆರೆಯಿತು. 2009ರ ಆರಂಭಕ್ಕೆ ಕೈಯಲ್ಲಿ ಕಾಸಿಲ್ಲದೆ ಬಾಗಿಲು ಹಾಕಿತು. ಬಾಡಿಗೆ, ಸಂಬಳ, ಮಾಲು ಕೊಟ್ಟವರ ಹಣ ಎಲ್ಲ ಬಾಕಿ.

2001ರಲ್ಲಿ ಬೆಂಗಳೂರಿಗೂ ಬಂದ ಬಿಗ್ ಬಜಾರ್ ಇನ್ನೂ ದೊಡ್ಡದು. ಸಾಲ ಮೈಮೇಲೆ ಬಂತು. ಕೊರೊನಾ ಕಾಲದಲ್ಲಿ ವ್ಯಾಪಾರ ನಿಂತಿತು. 2020ರಲ್ಲಿ ರಿಲಯನ್ಸ್‌ಗೆ ಮಾರುವ ಮಾತಾಯಿತು, ಅಮೆಜಾನ್ ಕೋರ್ಟಿಗೆ ಹೋಯಿತು. 2022ರಲ್ಲಿ ಎಷ್ಟೋ ಮಳಿಗೆಗಳು ರಿಲಯನ್ಸ್ ಕೈಗೆ ಹೋದವು. ಅದೇ ವರ್ಷ ಅದನ್ನು ನಡೆಸುತ್ತಿದ್ದ ಫ್ಯೂಚರ್ ರೀಟೇಲ್ ದಿವಾಳಿ ಪ್ರಕ್ರಿಯೆಗೆ ಬಿತ್ತು.

ಹೊರದೇಶದಲ್ಲೂ ಇದೇ ಕಥೆ. ಅಮೆರಿಕದ ಸಿಯರ್ಸ್ ಬೆಳೆದದ್ದೇ ರೈತರ ಮನೆಗೆ ಅಂಚೆಯಲ್ಲಿ ಬೆಲೆಪಟ್ಟಿ ಕಳಿಸಿ. 2018ರಲ್ಲಿ ಅದೂ ದಿವಾಳಿ ಅರ್ಜಿ ಹಾಕಿತು. ಬ್ರಿಟನ್ನಿನ ವೂಲ್‌ವರ್ತ್ಸ್ ನೂರು ವರ್ಷ ತುಂಬುವ ಹೊತ್ತಿಗೆ, 2009ರ ಜನವರಿಯಲ್ಲಿ, ಸುಮಾರು 800 ಅಂಗಡಿಗಳನ್ನು ಮುಚ್ಚಿ ಮುಗಿಸಿತು.

ಎಲ್ಲರೂ ಬಿದ್ದರು ಎಂದಲ್ಲ. ಡಿಮಾರ್ಟ್, ರಿಲಯನ್ಸ್ ಬೆಳೆಯುತ್ತಲೇ ಇವೆ. ಆದರೆ ಇವತ್ತು ಗಟ್ಟಿಯಾಗಿ ಕಾಣುವ ಅಂಗಡಿ ನಾಳೆಯೂ ಇರುತ್ತದೆ ಎಂದು ನಂಬಿ ಬೀಜ ಹಾಕುವಂತಿಲ್ಲ.

ಒಂದೇ ಅಳತೆಯ ತಕ್ಕಡಿ

ಇಂಥ ಅಂಗಡಿ ನಡೆಯುವುದೇ ಒಂದೇ ತರಹದ ಮಾಲಿನ ಮೇಲೆ. ಹುಬ್ಬಳ್ಳಿಯಲ್ಲಿ ಇದ್ದದ್ದೇ ಮಂಗಳೂರಲ್ಲಿ ಇರಬೇಕು. ಒಂದೇ ಗಾತ್ರ, ಒಂದೇ ಬಣ್ಣ, ಬೇಕೆಂದಾಗ ಬೇಕಾದಷ್ಟು ಟನ್. ಘಟ್ಟದ ಮೇಲೆ ತರಕಾರಿ ಬೆಳೆಯುವ ನನ್ನ ಭಾವ ಇಂಥದೊಂದು ಖರೀದಿ ಕೇಂದ್ರಕ್ಕೆ ಸೌತೆಕಾಯಿ ಒಯ್ದರೆ ನೆಟ್ಟಗಿದ್ದದ್ದು ಮಾತ್ರ ಒಳಗೆ, ಡೊಂಕಾದದ್ದೆಲ್ಲ ವಾಪಸ್. 'ರುಚಿ ನೋಡಿದವ್ರು ಒಬ್ರೂ ಇಲ್ಲೆ' ಎನ್ನುತ್ತಾರೆ ಭಾವ.

ಈಗ ನಮ್ಮ ಕುಮಟಾ ಸೀಮೆಯ ಬೆಳೆಗಳನ್ನು ಈ ತಕ್ಕಡಿಗೆ ಹಾಕಿ ನೋಡಿ. ಅಳ್ವೆಕೋಡಿ, ಹಂದಿಗೋಣ ಕಡೆಯ ಸಿಹಿ ಈರುಳ್ಳಿ. ಎಲೆಯನ್ನು ಜಡೆಯ ಹಾಗೆ ಹೆಣೆದು ಗೊಂಚಲು ಕಟ್ಟಿದ್ದು. ಮನೆಯ ಜಂತಿಗೆ ತೂಗುಹಾಕಿ ಮಳೆಗಾಲಕ್ಕೆ ಇಡುವಂಥದು. ಅಂಗಡಿಯವರಿಗೆ ಇದು ಹಲಗೆಯಲ್ಲಿ ಕೂರುವುದಿಲ್ಲ. ಅಘನಾಶಿನಿಯ ಗಜನಿಯಲ್ಲಿ ಉಪ್ಪುನೀರು ತಡೆದು ಬೆಳೆಯುವ ಕಗ್ಗ ಭತ್ತ. ಸೀಗಡಿ ಹೊಂಡ ಬಂದ ಮೇಲೆ ಕಗ್ಗದ ಗದ್ದೆಯೇ ಕಡಿಮೆ, ಟನ್ ಲೆಕ್ಕ ಎಲ್ಲಿಂದ ಕೊಡೋಣ? ಅಂಕೋಲೆಯ ಕರಿ ಇಶಾಡಕ್ಕೆ 2023ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿತು. ಆದರೆ ತೆಳು ಸಿಪ್ಪೆ, ಹಣ್ಣಾದ ಮೇಲೆ ದೂರದ ಲಾರಿ ಪ್ರಯಾಣ ತಾಳುವುದಿಲ್ಲ.

ದೊಡ್ಡ ಅಂಗಡಿಯ ಕಣ್ಣಿಗೆ ಇವೆಲ್ಲ ದೋಷ. ಆದರೆ ಹೆದ್ದಾರಿ 66ರಲ್ಲಿ ಹೋಗುವವರು ಕಾರು ನಿಲ್ಲಿಸಿ ಇಳಿಯುವುದು ಇದಕ್ಕೇ! ಎಲ್ಲ ಊರಲ್ಲೂ ಸಿಗುವ ಈರುಳ್ಳಿಯಾಗಿದ್ದರೆ ಬ್ರೇಕ್ ಯಾರು ಹಾಕುತ್ತಿದ್ದರು? ಅಂಗಡಿ ಕೇಳಿತೆಂದು ಈ ತಳಿ ಬಿಟ್ಟು ಒಂದೇ ಗಾತ್ರದ್ದಕ್ಕೆ ಹೋದೆವು ಎನ್ನಿ, ಮೂರು ವರ್ಷಕ್ಕೆ ಅಂಗಡಿ ಮುಚ್ಚಿತು ಎನ್ನಿ. ಆಗ ನಮ್ಮ ಹತ್ತಿರ ಗಿರಾಕಿಯೂ ಇಲ್ಲ, ಬೀಜವೂ ಇಲ್ಲ. ಗಿರಾಕಿ ಮತ್ತೆ ಸಿಕ್ಕಾನು, ಮನೆಬೀಜ ಸಿಕ್ಕೀತೇ?

ಏನು ಮಾಡಬಹುದು?

ದೊಡ್ಡ ಅಂಗಡಿಗೆ ಕೊಡಲೇಬಾರದು ಎಂದು ನಾನು ಹೇಳುವುದಿಲ್ಲ. ಕೊಡುವಾಗ ಈ ನಾಲ್ಕು ಮಾತು ನೆನಪಿರಲಿ.

* ಬೆಳೆಯ ಒಂದು ಪಾಲು ಮಾತ್ರ ಕೊಡಿ. ಸಂತೆಯ ಜಾಗ, ಹಳೆಯ ಗಿರಾಕಿ ಬಿಡಬೇಡಿ.

* ಉದ್ದರಿಗೆ ಮಿತಿ ಇರಲಿ. ಹಿಂದಿನ ಮಾಲಿನ ಹಣ ಬಂದ ಮೇಲೆ ಮುಂದಿನ ಮಾಲು. ಪ್ರತಿ ಸಲ ತೂಕದ ಚೀಟಿ ತೆಗೆದಿಟ್ಟುಕೊಳ್ಳಿ. ಅಂಗಡಿ ಮುಳುಗುವಾಗ ಸಾಲ ಕೊಟ್ಟ ಬ್ಯಾಂಕು ಮುಂದೆ, ಮಾಲು ಕೊಟ್ಟ ನಾವು ಸಾಲಿನ ಹಿಂದೆ.

* ಮನೆಬೀಜ ಪ್ರತಿವರ್ಷ ಇಡಿ, ನೆರೆಯವರಿಗೂ ಕೊಡಿ.

* ಗೊಂಚಲಿನಲ್ಲಿ ಹೊರಗಿನ ಈರುಳ್ಳಿ ಬೆರೆಸುವ ಕೆಲಸ ಯಾರೂ ಮಾಡಬಾರದು. ಒಬ್ಬ ಬೆರೆಸಿದರೆ ಇಡೀ ಊರಿನ ಹೆಸರು ಹೋಗುತ್ತದೆ.

ಬೆಳೆದವರದೇ ಅಂಗಡಿ ಆಗುವುದಿಲ್ಲವೇ ಎಂದರೆ, ಆಗುತ್ತದೆ. ಶಿರಸಿಯಲ್ಲಿ ಅಡಿಕೆ ಬೆಳೆಗಾರರು 1923ರಲ್ಲಿ ಕಟ್ಟಿದ ತೋಟಗಾರ್ಸ್ ಸೇಲ್ ಸೊಸೈಟಿ ಅಡಿಕೆ ವ್ಯಾಪಾರದ ಜೊತೆ ಸೂಪರ್ ಮಾರ್ಕೆಟ್ಟನ್ನೂ ಕಟ್ಟಿತು. ಆದರೆ ಸಂಘ ನಮ್ಮದೆಂದು ಕಣ್ಣು ಮುಚ್ಚಿ ಕೂರುವಂತಿಲ್ಲ. ವಾರ್ಷಿಕ ಸಭೆಗೆ ಹೋಗಿ ಲೆಕ್ಕ ಕೇಳುವವರಿದ್ದರೆ ಮಾತ್ರ ಅದು ನಮ್ಮದಾಗಿ ಉಳಿಯುತ್ತದೆ.

ನಿಮ್ಮೂರಲ್ಲಿ ಮಾತ್ರ ಸಿಗುವ ತರಕಾರಿ, ಹಣ್ಣು, ಅಕ್ಕಿ ಯಾವುದಿದೆ? ಅದನ್ನು ಎಲ್ಲಿ, ಯಾರಿಗೆ, ಎಷ್ಟಕ್ಕೆ ಮಾರುತ್ತೀರಿ? ದಯವಿಟ್ಟು ಬರೆಯಿರಿ. ನಾಲ್ಕು ಊರಿನ ಅನುಭವ ಸೇರಿದರೆ ದಾರಿ ಇನ್ನೂ ಸ್ಪಷ್ಟವಾದೀತು.