ಪ್ರಶ್ನೆಗೊಂದು ಉತ್ತರ, ಉತ್ತರಕ್ಕೊಂದು ತಾರೀಖು

1967ನೆಯ ಇಸವಿ. ನಾಲ್ಕನೆಯ ಮಹಾಚುನಾವಣೆ ಮುಗಿದು ದೆಹಲಿಯಲ್ಲಿ ಹೊಸ ಲೋಕಸಭೆ ಸೇರಿತ್ತು. ಶಿವಮೊಗ್ಗ ಕ್ಷೇತ್ರದಿಂದ ಆರಿಸಿಬಂದಿದ್ದ ಸಂಯುಕ್ತ ಸಮಾಜವಾದಿ ಪಕ್ಷದ ಸದಸ್ಯರೊಬ್ಬರು ಆ ಸಭೆಯಲ್ಲಿ ಎದ್ದು ನಿಂತು ಅಚ್ಚ ಕನ್ನಡದಲ್ಲಿ ಮಾತನಾಡಿದರು. ಅವರಿಗಾಗ ನಲವತ್ತು ವರ್ಷ ತುಂಬಿರಲಿಲ್ಲ. ಊರು ಚನ್ನಗಿರಿ ತಾಲ್ಲೂಕಿನ ಕಾರಿಗನೂರು, ಹೆಸರು ಜೆ. ಎಚ್. ಪಟೇಲ್. ಲೋಕಸಭೆಯಲ್ಲಿ ಮೊದಲಿಗೆ ಕನ್ನಡದಲ್ಲಿ ಮಾತನಾಡಿದವರೆಂಬ ಕೀರ್ತಿ ಅವರದಾಯಿತು.

ಕಾನೂನು ಓದಿದ್ದ ಪಟೇಲರಿಗೆ ಇಂಗ್ಲಿಷು ಬಾರದೆ ಇರಲಿಲ್ಲ. ಹಿಂದಿಯಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ತನ್ನ ಅಭಿಪ್ರಾಯವನ್ನು ಸರಿಯಾಗಿ ಹೇಳಲಾರದ ಸದಸ್ಯನು ಸಭಾಧ್ಯಕ್ಷರ ಅಪ್ಪಣೆ ಪಡೆದು ತಾಯ್ನುಡಿಯಲ್ಲಿ ಮಾತನಾಡಬಹುದೆಂದು ಸಂವಿಧಾನದ 120ನೆಯ ವಿಧಿ ಹೇಳುತ್ತದೆ. ಭಾಷೆ ಬಾರದವರ ಅನುಕೂಲಕ್ಕೆಂದು ಇಟ್ಟಿದ್ದ ಆ ಸಣ್ಣ ಕಿಂಡಿಯನ್ನು ಪಟೇಲರು ಹೆಬ್ಬಾಗಿಲಾಗಿ ಮಾಡಿದರು. ಸಭೆಯಲ್ಲಿ ಕೇಳುವ ಪ್ರಶ್ನೆ ಕೇಳುವ ಸದಸ್ಯನೊಬ್ಬನದೇ ಅಲ್ಲ, ಅವನನ್ನು ಕಳುಹಿಸಿದ ಹಳ್ಳಿಗಳದೂ ಹೌದು. ಅಲ್ಲಿ ನಡೆದ ಮಾತು ಆ ಹಳ್ಳಿಗಳಿಗೆ ತಿಳಿಯಬೇಕು. ಅವರ ನಡೆಯ ಒಳಗಿದ್ದ ತತ್ತ್ವ ಇದು.

ಅದೇ ಲೋಕಸಭೆಯಲ್ಲಿ ಇನ್ನೊಬ್ಬ ಹಿರಿಯ ಕನ್ನಡಿಗರೂ ಇದ್ದರು. ವಿಧಾನಸೌಧವನ್ನು ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರು. ಆಡಳಿತದ ರೀತಿನೀತಿಗಳನ್ನು ಪರಿಶೀಲಿಸಲು ಕೇಂದ್ರ ಸರ್ಕಾರ 1966ರಲ್ಲಿ ನೇಮಿಸಿದ್ದ ಮೊದಲ ಆಡಳಿತ ಸುಧಾರಣಾ ಆಯೋಗಕ್ಕೆ ಮೊರಾರ್ಜಿ ದೇಸಾಯಿಯವರು ಅಧ್ಯಕ್ಷರಾಗಿದ್ದರು. 1967ರಲ್ಲಿ ಅವರು ಉಪ ಪ್ರಧಾನಿಯಾದಾಗ ಆ ಪೀಠ ಹನುಮಂತಯ್ಯನವರ ಪಾಲಿಗೆ ಬಂತು. ಪ್ರಶ್ನೆ ಕೇಳುವ ಸಭೆಯಲ್ಲಿ ಒಬ್ಬ ಕನ್ನಡಿಗ. ಉತ್ತರ ಕೊಡಬೇಕಾದ ಕಚೇರಿಗಳನ್ನು ತಿದ್ದುವ ಆಯೋಗದಲ್ಲಿ ಇನ್ನೊಬ್ಬ ಕನ್ನಡಿಗ. ಒಳ್ಳೆಯ ಸರ್ಕಾರಕ್ಕೆ ಬೇಕಾದ ಎರಡು ಗಾಲಿಗಳೂ ಇವೇ ಅಲ್ಲವೆ?

ಕೇಳುವವರು, ಮಾಡುವವರು

ಇಂದು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂಬ ನಾಲ್ಕು ತಾಲ್ಲೂಕುಗಳು ದಾವಣಗೆರೆ ಜಿಲ್ಲೆಗೆ ಸೇರಿವೆ. ದಾವಣಗೆರೆ ಲೋಕಸಭಾ ಕ್ಷೇತ್ರಕ್ಕೂ ಸೇರಿವೆ. ನೆಲದ ಗುಣ ಮಾತ್ರ ಒಂದೇ ಅಲ್ಲ. ಚನ್ನಗಿರಿಯಲ್ಲಿ ಅಡಿಕೆಯ ತೋಟ, ಸೂಳೆಕೆರೆಯ ವಿಸ್ತಾರವಾದ ನೀರು. ಹೊನ್ನಾಳಿಯ ಮಗ್ಗುಲಲ್ಲೇ ತುಂಗಭದ್ರೆ. ಜಗಳೂರಿಗೆ ಬಂದರೆ ಒಣ ಬಯಲು, ಮುಗಿಲು ನೋಡುವ ರೈತ. ಒಬ್ಬ ಲೋಕಸಭಾ ಸದಸ್ಯ ಇಷ್ಟೂ ಬಗೆಯ ನೆಲದ ಮಾತನ್ನು ದೆಹಲಿಗೆ ಒಯ್ಯಬೇಕು. ಒಬ್ಬ ಜಿಲ್ಲಾಧಿಕಾರಿ ಇಷ್ಟೂ ಊರುಗಳ ಅರ್ಜಿಗಳನ್ನು ವಿಲೇವಾರಿ ಮಾಡಿಸಬೇಕು.

ಇವರಿಬ್ಬರ ಕೆಲಸ ಬೇರೆ ಬೇರೆ. ಪ್ರತಿನಿಧಿಯು ಕೇಳಬೇಕು, ಅಧಿಕಾರಿಯು ಮಾಡಿ ಲೆಕ್ಕ ಒಪ್ಪಿಸಬೇಕು. ತೊಂದರೆ ಹುಟ್ಟುವುದು ಈ ಕೆಲಸಗಳು ಅದಲುಬದಲಾದಾಗ. ಪ್ರತಿನಿಧಿಯು ಸಭೆಯನ್ನು ಬಿಟ್ಟು ವರ್ಗಾವಣೆಯ ಚೀಟಿ ಬರೆಯುತ್ತ ಕುಳಿತರೆ, ಅಧಿಕಾರಿಯು ಕಡತವನ್ನು ಬಿಟ್ಟು ಪ್ರತಿನಿಧಿಯ ಮುಖ ನೋಡುತ್ತ ನಿಂತರೆ, ಜನರ ಅರ್ಜಿಗೆ ಗತಿ ಯಾರು?

ಒಂದು ಗಂಟೆಯ ಬೆಲೆ

ಲೋಕಸಭೆಯ ದಿನದ ಮೊದಲ ಗಂಟೆ ಪ್ರಶ್ನೋತ್ತರದ ವೇಳೆ. ಒಂದು ದಿನಕ್ಕೆ ಚುಕ್ಕೆ ಗುರುತಿನ 20 ಪ್ರಶ್ನೆಗಳು ಪಟ್ಟಿಗೆ ಬರುತ್ತವೆ. ಇವಕ್ಕೆ ಮಂತ್ರಿಗಳು ಎದ್ದು ನಿಂತು ಬಾಯಿಂದಲೇ ಉತ್ತರ ಹೇಳಬೇಕು, ಮೇಲೆ ಬರುವ ಉಪಪ್ರಶ್ನೆಗಳನ್ನೂ ಎದುರಿಸಬೇಕು. ಚುಕ್ಕೆ ಇಲ್ಲದ 230 ಪ್ರಶ್ನೆಗಳಿಗೆ ಲಿಖಿತ ಉತ್ತರ ಬರುತ್ತದೆ. ಪ್ರಶ್ನೆಯೊಂದು ದೆಹಲಿಯಲ್ಲಿ ಸ್ವೀಕೃತವಾಯಿತೆಂದರೆ ಸಚಿವಾಲಯದಲ್ಲಿ ಸಂಚಲನ ಉಂಟಾಗುತ್ತದೆ. ಇಲಾಖೆಯಿಂದ ಇಲಾಖೆಗೆ ಓಲೆ ಹೋಗುತ್ತದೆ. ಬೇಕಾದರೆ ರಾಜ್ಯದಿಂದಲೂ ಮಾಹಿತಿ ತರಿಸಲಾಗುತ್ತದೆ. ಮೂಲೆಯಲ್ಲಿ ಮಲಗಿದ್ದ ಕಡತ ಎದ್ದು ಕುಳಿತುಕೊಳ್ಳುತ್ತದೆ. ಒಂದು ಪೈಸೆಯ ಖರ್ಚಿಲ್ಲದೆ ಆಡಳಿತವನ್ನು ಎಚ್ಚರಿಸುವ ಉಪಾಯ ಇದಕ್ಕಿಂತ ಬೇರೊಂದಿಲ್ಲ.

ಈ ಉಪಾಯದ ಬಳಕೆಯೇ ಕ್ಷೀಣಿಸುತ್ತ ಬಂದಿರುವುದು ಚಿಂತೆಯ ಸಂಗತಿ. 1952ರಿಂದ 1957ರವರೆಗಿನ ಮೊದಲ ಲೋಕಸಭೆ 677 ದಿನ ಸೇರಿತ್ತು. 2019ರಿಂದ 2024ರವರೆಗಿನ ಹದಿನೇಳನೆಯ ಲೋಕಸಭೆ ಸೇರಿದ್ದು 274 ದಿನ ಮಾತ್ರ. 2020ರ ಸೆಪ್ಟೆಂಬರಿನಲ್ಲಿ ಸಾಂಕ್ರಾಮಿಕದ ಕಾರಣ ಹೇಳಿ ಪ್ರಶ್ನೋತ್ತರ ವೇಳೆಯನ್ನೇ ಕೈಬಿಡಲಾಯಿತು. ಮಸೂದೆಗಳ ಕತೆಯೂ ಅಷ್ಟೆ. ಇಲಾಖೆಗಳಿಗೆ ಸಂಬಂಧಿಸಿದ ಸ್ಥಾಯಿ ಸಮಿತಿಗಳು 1993ರಲ್ಲಿ ರೂಪುಗೊಂಡವು. ಸಭಾಂಗಣದ ಗದ್ದಲವಿಲ್ಲದೆ, ಎಲ್ಲ ಪಕ್ಷದವರೂ ಮೇಜಿನ ಸುತ್ತ ಕುಳಿತು, ಅಧಿಕಾರಿಗಳನ್ನೂ ತಜ್ಞರನ್ನೂ ಕರೆಸಿ ವಿಚಾರಿಸುವ ಸ್ಥಳ ಅದು. ಹದಿನೈದನೆಯ ಲೋಕಸಭೆಯಲ್ಲಿ ನೂರಕ್ಕೆ ಸುಮಾರು 71 ಮಸೂದೆಗಳು ಸಮಿತಿಗಳಿಗೆ ಹೋಗಿದ್ದರೆ, ಹದಿನೇಳನೆಯದರಲ್ಲಿ ಹೋದದ್ದು ನೂರಕ್ಕೆ ಸುಮಾರು 16. ಅವಸರದಲ್ಲಿ ಹೊಲಿದ ಅಂಗಿಯ ಹೊಲಿಗೆ ಮೈಮೇಲೆ ಬಿಚ್ಚುವಂತೆ, ಅವಸರದ ಕಾನೂನಿನ ಲೋಪ ತಾಲ್ಲೂಕು ಕಚೇರಿಯ ಮುಂದೆ ಬಯಲಾಗುತ್ತದೆ.

ಜಗಳೂರಿನ ಬಾಯಾರಿಕೆ

ಡಿ. ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ಒಪ್ಪಿಸಿದ ವರದಿಯಲ್ಲಿ ರಾಜ್ಯದ ಅಂದಿನ 175 ತಾಲ್ಲೂಕುಗಳ ಪೈಕಿ 114 ಹಿಂದುಳಿದವೆಂದು ಎಣಿಕೆಯಾದವು. ಜಗಳೂರು ಅವುಗಳಲ್ಲಿ ಒಂದು. ಇಂಥ ನೆಲಕ್ಕೆ ಭದ್ರಾ ಮೇಲ್ದಂಡೆ ಯೋಜನೆ ಬಹುಕಾಲದ ಕನಸು. ತುಂಗೆಯಿಂದ 17.4 ಟಿ.ಎಂ.ಸಿ. ಅಡಿ ನೀರನ್ನು ಭದ್ರೆಗೆ ಎತ್ತಿ, ಅಲ್ಲಿಂದ ಒಟ್ಟು 29.9 ಟಿ.ಎಂ.ಸಿ. ಅಡಿಯನ್ನು ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ ಬರಭೂಮಿಗೆ ಹರಿಸುವುದು ಅದರ ಉದ್ದೇಶ. ದಾವಣಗೆರೆಯ ಪಾಲಿನಲ್ಲಿ ಜಗಳೂರಿದೆ.

2023ರ ಫೆಬ್ರವರಿ 1ರಂದು ಕೇಂದ್ರದ ಅರ್ಥಮಂತ್ರಿಗಳು ತಮ್ಮ ಆಯವ್ಯಯದ ಭಾಷಣದಲ್ಲಿ ಈ ಯೋಜನೆಗೆ 5,300 ಕೋಟಿ ರೂಪಾಯಿಯ ನೆರವನ್ನು ಘೋಷಿಸಿದರು. ಬಯಲುಸೀಮೆಯಲ್ಲಿ ಹರ್ಷವಾಯಿತು. ಒಂದು ವರ್ಷ ಕಳೆಯಿತು. 2024ರಲ್ಲಿ ರಾಜ್ಯ ಸರ್ಕಾರವು ಆ ಹಣ ಬಂದಿಲ್ಲವೆಂದು ದೆಹಲಿಯವರೆಗೂ ಹೋಗಿ ದೂರಿತು. ತಪ್ಪು ಯಾರದೆಂಬ ವಾದ ಪಕ್ಷಗಳಿಗೆ ಸೇರಿದ್ದು. ಜಗಳೂರಿನ ರೈತನಿಗೆ ಬೇಕಾದುದು ಆ ವಾದವಲ್ಲ. ಕಡತ ಈಗ ಯಾವ ಕಚೇರಿಯಲ್ಲಿದೆ, ಯಾವ ಕಾಗದದ ಕೊರತೆಯಿಂದ ನಿಂತಿದೆ, ಎಂದಿಗೆ ಮುಂದೆ ಹೋಗುತ್ತದೆ ಎಂಬ ಮೂರು ಸಂಗತಿ ಅವನಿಗೆ ತಿಳಿಯಬೇಕು.

ಇದನ್ನು ತಿಳಿಸುವ ಸಾಧನ ಸಂಸತ್ತಿನಲ್ಲೇ ಇದೆ. ಸರ್ಕಾರಿ ಭರವಸೆಗಳ ಸಮಿತಿ ಎಂಬುದು ಲೋಕಸಭೆಯಲ್ಲಿ 1953ರಿಂದ ಕೆಲಸ ಮಾಡುತ್ತಿದೆ. ಸದಸ್ಯರು ಕೇಳಿದ ಪ್ರಶ್ನೆಗೆ ಮಂತ್ರಿಗಳು “ವಿಷಯ ಪರಿಶೀಲನೆಯಲ್ಲಿದೆ” ಎಂದು ಹೇಳಿ ಕುಳಿತುಕೊಂಡರೆ ಅಲ್ಲಿಗೆ ಮುಗಿಯಿತೆಂದು ಜನ ತಿಳಿಯುವುದುಂಟು. ಮುಗಿಯುವುದಿಲ್ಲ. ಅಂಥ ಮಾತನ್ನು ಭರವಸೆಯೆಂದೇ ಎಣಿಸಿ ಬರೆದಿಟ್ಟುಕೊಳ್ಳಲಾಗುತ್ತದೆ. ಮೂರು ತಿಂಗಳೊಳಗೆ ಅದನ್ನು ಈಡೇರಿಸಬೇಕು. ಆಗದಿದ್ದರೆ ಹೆಚ್ಚಿನ ಕಾಲಾವಕಾಶ ಬೇಡಬೇಕು. ಹಾರಿಕೆಯ ಉತ್ತರವನ್ನೂ ಸಾಲದ ಪತ್ರವನ್ನಾಗಿ ಮಾಡುವ ಸಮಿತಿ ಇದು. ಆದರೆ ಸಾಲ ಕೊಟ್ಟವನೇ ಕೇಳುವುದನ್ನು ಮರೆತರೆ ಪತ್ರವಿದ್ದು ಫಲವೇನು? ಪ್ರಶ್ನೆ ಹಾಕಿದ ಸದಸ್ಯ ಮುಂದಿನ ಅಧಿವೇಶನದಲ್ಲಿ ಮತ್ತೆ ಏಳಬೇಕು. ಅದರ ಮುಂದಿನದರಲ್ಲೂ ಏಳಬೇಕು.

ನ್ಯಾಮತಿಯ ಪಾಠ

ಇನ್ನು ಕಚೇರಿಯ ಕಡೆಯ ಮಾತು. ಕಚೇರಿ ಹತ್ತಿರವಾದರೆ ಆಡಳಿತ ಸುಧಾರಿಸುತ್ತದೆಂಬ ನಂಬಿಕೆ ಬಹಳ ಹಿಂದಿನದು; ಅದರಲ್ಲಿ ಸತ್ಯವೂ ಉಂಟು. ಪಟೇಲರು ಮುಖ್ಯಮಂತ್ರಿಗಳಾಗಿದ್ದಾಗ 1997ರಲ್ಲಿ ಏಳು ಹೊಸ ಜಿಲ್ಲೆಗಳು ಹುಟ್ಟಿದವು. ಶಿವಮೊಗ್ಗಕ್ಕೆ ಸೇರಿದ್ದ ಚನ್ನಗಿರಿ, ಹೊನ್ನಾಳಿಗಳೂ ಚಿತ್ರದುರ್ಗಕ್ಕೆ ಸೇರಿದ್ದ ಜಗಳೂರೂ ಹೊಸ ದಾವಣಗೆರೆ ಜಿಲ್ಲೆಗೆ ಬಂದುದು ಆಗಲೇ. ಹೊನ್ನಾಳಿಯ ಹೋಬಳಿಯಾಗಿದ್ದ ನ್ಯಾಮತಿ, 2017ರಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳ ಸಾಲಿನಲ್ಲಿ ತಾನೂ ತಾಲ್ಲೂಕಾಯಿತು. ಮುದುಕರು, ಬಸುರಿಯರು, ದಿನಗೂಲಿಯವರು ಒಂದು ಕಾಗದಕ್ಕಾಗಿ ಇಡೀ ದಿನ ಕಳೆದುಕೊಳ್ಳುವುದು ತಪ್ಪಿದರೆ ಅದೇನೂ ಅಲ್ಪ ಲಾಭವಲ್ಲ.

ಆದರೆ ಕಚೇರಿ ಹತ್ತಿರ ಬಂದರೆ ಸಾಲದು. ಒಬ್ಬ ರೈತ ಪಹಣಿಯ ತಿದ್ದುಪಡಿಗೆಂದು ಬರುತ್ತಾನೆ ಎನ್ನೋಣ. “ನಾಳೆ ಬಾ” ಎಂಬ ಮಾತು ಇಪ್ಪತ್ತು ಮೈಲಿಯಾಚೆ ಕೇಳಿದರೂ ಒಂದೇ, ಮನೆಯ ಪಕ್ಕದ ಬೀದಿಯಲ್ಲಿ ಕೇಳಿದರೂ ಒಂದೇ. ದಾರಿ ಕಿರಿದಾಯಿತು; ‘ನಾಳೆ’ ಕಿರಿದಾಗಲಿಲ್ಲ.

ಆ ‘ನಾಳೆ’ಗೆ ಕಡಿವಾಣ ಹಾಕಲು ಕರ್ನಾಟಕದ ಶಾಸನಸಭೆ 2011ರಲ್ಲಿ ಒಂದು ಕಾನೂನು ಮಾಡಿತು, 2012ರ ಏಪ್ರಿಲಿನಿಂದ ‘ಸಕಾಲ’ವೆಂಬ ಹೆಸರಿನಲ್ಲಿ ಅದು ರಾಜ್ಯಾದ್ಯಂತ ಜಾರಿಗೆ ಬಂತು. ಮೊದಲಿಗೆ 11 ಇಲಾಖೆಗಳ 151 ಸೇವೆಗಳು ಅದರ ವ್ಯಾಪ್ತಿಯಲ್ಲಿದ್ದವು. ಬರಬರುತ್ತ ಇನ್ನೂ ಬಹಳ ಸೇರಿದವು. ಅರ್ಜಿ ಕೊಟ್ಟವನಿಗೆ ಒಂದು ಸಂಖ್ಯೆಯುಳ್ಳ ರಸೀತಿ ಸಿಗಬೇಕು. ಇಂತಿಷ್ಟು ದಿನಗಳಲ್ಲಿ ಕೆಲಸವಾಗಬೇಕು. ಆಗದಿದ್ದರೆ ಮೇಲಿನ ಅಧಿಕಾರಿಗೆ ದೂರಬಹುದು. ತಡವಾದ ದಿನವೊಂದಕ್ಕೆ 20 ರೂಪಾಯಿಯಂತೆ 500 ರೂಪಾಯಿಯವರೆಗೆ ಪರಿಹಾರ ಕೇಳಬಹುದು. ತಪ್ಪಿತಸ್ಥರ ಸಂಬಳದಿಂದ ಅದನ್ನು ವಸೂಲು ಮಾಡಲೂ ಅವಕಾಶವಿದೆ.

ಇಪ್ಪತ್ತು ರೂಪಾಯಿ ದೊಡ್ಡ ಮೊತ್ತವೇನಲ್ಲ. ಅರ್ಜಿದಾರನು ಅಂಗಲಾಚುವವನಲ್ಲ, ಬರಬೇಕಾದ ಬಾಕಿಯನ್ನು ಕೇಳುವವನು ಎಂಬ ಭಾವನೆ ಅದರಿಂದ ಬಂದುದೇ ದೊಡ್ಡದು. ಇಲ್ಲಿಯೂ ಒಂದು ಎಚ್ಚರ ಬೇಕು. ರಸೀತಿಯನ್ನೇ ಕೊಡದೆ ಬಾಯಿಮಾತಿನಲ್ಲಿ ಕಳುಹಿಸಿಬಿಟ್ಟರೆ ದಿನಗಳ ಎಣಿಕೆಯೇ ಶುರುವಾಗುವುದಿಲ್ಲ. ಕೊನೆಯ ದಿನದಂದು ಏನೋ ಒಂದು ಕೊರತೆ ತೋರಿಸಿ ಅರ್ಜಿ ತಿರಸ್ಕರಿಸಿದರೆ ಲೆಕ್ಕದ ಪುಸ್ತಕದಲ್ಲಿ ಅದೂ ವಿಲೇವಾರಿಯೇ. ಇಂಥ ತಿರಸ್ಕಾರಗಳ ಕಾರಣವನ್ನು ಮೇಲಧಿಕಾರಿಗಳು ತಿಂಗಳಿಗೊಮ್ಮೆ ಪರೀಕ್ಷಿಸಬೇಕು. ಶಾಸಕರು ಸದನದಲ್ಲಿ ಅವುಗಳ ಸಂಖ್ಯೆ ಕೇಳಬೇಕು.

ಬಾಯಿಮಾತೂ ಬರಹವೂ

ಅಧಿಕಾರಿಗಳ ಕಷ್ಟವನ್ನೂ ಕೇಳದೆ ತೀರ್ಪು ಹೇಳುವುದು ನ್ಯಾಯವಲ್ಲ. ಒಂದು ತಾಲ್ಲೂಕಿನ ಕೆರೆ, ಗೋಮಾಳ, ಗಡಿತಂಟೆಗಳ ಪರಿಚಯವಾಗುವಷ್ಟರಲ್ಲಿ ವರ್ಗಾವಣೆಯ ಆದೇಶ ಬಂದರೆ ಎಂಥ ದಕ್ಷನಾದರೂ ಏನು ಮಾಡಿಯಾನು? ಮೇಲಿನವರು ದೂರವಾಣಿಯಲ್ಲಿ ಹೇಳಿದ್ದನ್ನು ನಡೆಸಿ, ನಾಳೆ ವಿಚಾರಣೆ ಬಂದಾಗ ತಾನೊಬ್ಬನೇ ಕೈಕಟ್ಟಿ ನಿಲ್ಲಬೇಕಾದರೆ ಯಾರು ತಾನೆ ಧೈರ್ಯದಿಂದ ಕೆಲಸ ಮಾಡಿಯಾರು?

ಸಂಪುಟ ಕಾರ್ಯದರ್ಶಿಯಾಗಿ ನಿವೃತ್ತರಾದ ಟಿ. ಎಸ್. ಆರ್. ಸುಬ್ರಮಣಿಯನ್ ಮತ್ತು ಇತರರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2013ರ ಅಕ್ಟೋಬರ್ 31ರಂದು ಇದಕ್ಕೆ ದಾರಿ ತೋರಿಸಿತು. ಅಧಿಕಾರಿಗಳಿಗೆ ಒಂದು ಕನಿಷ್ಠ ಅವಧಿ ಇರಬೇಕು. ವರ್ಗಾವಣೆಯನ್ನು ಪರಿಶೀಲಿಸಲು ನಾಗರಿಕ ಸೇವಾ ಮಂಡಳಿ ಇರಬೇಕು. ಬಾಯಿಮಾತಿನ ಆಜ್ಞೆಯನ್ನು ಬರಹದಲ್ಲಿ ದಾಖಲಿಸಬೇಕು. ಈ ಮೂರರಲ್ಲಿ ಕೊನೆಯದು ಸಣ್ಣದಾಗಿ ಕಂಡರೂ ಬಲು ಶಕ್ತಿಯುಳ್ಳದ್ದು. ಬರೆದಿಡಬೇಕೆಂಬ ನಿಯಮವಿದ್ದರೆ ಹೇಳಬಾರದ್ದನ್ನು ಹೇಳುವ ನಾಲಗೆ ತಾನಾಗಿಯೇ ತಡೆಯುತ್ತದೆ. ಬರಹದಲ್ಲಿದ್ದ ಆಜ್ಞೆಯನ್ನು ಮಾಹಿತಿ ಹಕ್ಕಿನ ಕಾನೂನಿನ ಮೂಲಕ ಸಾಮಾನ್ಯನೂ ಹತ್ತು ರೂಪಾಯಿ ಶುಲ್ಕ ಕೊಟ್ಟು ಕೇಳಬಹುದು.

ದೇವರ ಕೆಲಸದ ತಾರೀಖು

ಹನುಮಂತಯ್ಯನವರ ಆಯೋಗ 1970ರ ಹೊತ್ತಿಗೆ 20 ವರದಿಗಳನ್ನೂ 537 ಶಿಫಾರಸುಗಳನ್ನೂ ಕೊಟ್ಟಿತು. ಆಯೋಗದ ಮೊಟ್ಟಮೊದಲ ಸಲಹೆಗಳಲ್ಲಿ ಲೋಕಪಾಲ, ಲೋಕಾಯುಕ್ತರ ನೇಮಕವೂ ಒಂದು. ಅದು 1966ರ ಮಾತು. ಕರ್ನಾಟಕದಲ್ಲಿ ಲೋಕಾಯುಕ್ತದ ಕಾನೂನು 1984ರಲ್ಲಿ ಬಂತು. ಲೋಕಪಾಲದ ಮಸೂದೆಯನ್ನು ಸಂಸತ್ತು ಒಪ್ಪಿದ್ದು 2013ರಲ್ಲಿ. ಮೊದಲ ಲೋಕಪಾಲರು ಅಧಿಕಾರ ವಹಿಸಿಕೊಂಡದ್ದು 2019ರಲ್ಲಿ. 2005ರಲ್ಲಿ ವೀರಪ್ಪ ಮೊಯಿಲಿಯವರ ಅಧ್ಯಕ್ಷತೆಯಲ್ಲಿ ಎರಡನೆಯ ಆಡಳಿತ ಸುಧಾರಣಾ ಆಯೋಗ ನೇಮಕವಾಗಿ 15 ವರದಿಗಳನ್ನು ಕೊಟ್ಟಿತು. ಎರಡು ಆಯೋಗಗಳನ್ನೂ ಕನ್ನಡಿಗರು ನಡೆಸಿದರೆಂಬುದು ಹೆಮ್ಮೆಯ ಸಂಗತಿ. ಒಂದು ಸಲಹೆ ಕಾನೂನಾಗಲು ನಲವತ್ತೇಳು ವರ್ಷ ಹಿಡಿಯಿತೆಂಬುದು ಮಾತ್ರ ಹೆಮ್ಮೆಯ ಸಂಗತಿಯಲ್ಲ. ಸಲಹೆಗಳಿಗೆ ಈ ದೇಶದಲ್ಲಿ ಎಂದೂ ಬರವಿಲ್ಲ. ಬರವಿರುವುದು ತಾರೀಖಿಗೆ.

ವಿಧಾನಸೌಧದ ಹಣೆಯ ಮೇಲೆ “ಸರ್ಕಾರದ ಕೆಲಸ ದೇವರ ಕೆಲಸ” ಎಂದು ಹನುಮಂತಯ್ಯನವರು ಬರೆಸಿದರು. ದೇವರ ಕೆಲಸಕ್ಕೆ ಗಡುವು ಹಾಕುವವರು ಯಾರೂ ಇಲ್ಲ. ಸರ್ಕಾರದ ಕೆಲಸಕ್ಕೆ ಹಾಕಲೇಬೇಕು. ಸಭೆಯಲ್ಲಿ ಪ್ರತಿನಿಧಿ ಹಾಕುವ ಪ್ರಶ್ನೆಯಿಂದಲೂ ಕಚೇರಿಯಲ್ಲಿ ಅಧಿಕಾರಿ ಕೊಡುವ ರಸೀತಿಯಿಂದಲೂ ಆಗಬೇಕಾದ ಕೆಲಸ ಇದೊಂದೇ. ಕಾರಿಗನೂರಿನ ಪಟೇಲರು ದೆಹಲಿಯಲ್ಲಿ ಕನ್ನಡದಲ್ಲಿ ಮಾತನಾಡಿ ಅರ್ಧ ದಾರಿಯನ್ನು ಸವೆಸಿಕೊಟ್ಟರು. ಉಳಿದ ಅರ್ಧ ದಾರಿ ಇನ್ನೂ ಇದೆ. ಜಗಳೂರಿನ ರೈತನ ಕೈಗೆ ಅವನಿಗೆ ಅರ್ಥವಾಗುವ ಭಾಷೆಯಲ್ಲಿ ಒಂದು ಉತ್ತರ ತಲುಪಬೇಕು. ಆ ಉತ್ತರದ ಕೊನೆಯಲ್ಲಿ ಒಂದು ಹೆಸರಿರಬೇಕು, ಒಂದು ರುಜು ಇರಬೇಕು, ಒಂದು ತಾರೀಖು ಇರಬೇಕು.