ವರ್ಷದ ಅತ್ಯುತ್ತಮ ಆಟ: ದರ್ಜೆ ಕಟ್ಟುವವರು ಯಾರು?

ಡಿಸೆಂಬರ್ ಬಂತೆಂದರೆ ಪಿರಿಯಾಪಟ್ಟಣ, ಹುಣಸೂರು ಸೀಮೆಯಲ್ಲಿ ಹೊಗೆಸೊಪ್ಪಿನ ದರ್ಜೆಯದೇ ಮಾತು. ಹರಾಜು ಕಟ್ಟೆಯಲ್ಲಿ ಬೇಲು ಬಿಚ್ಚಿದಾಗ ಎಲೆಯ ಬಣ್ಣ, ಹದ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಬೆಳೆದವನಿಗೆ ತನ್ನ ಸೊಪ್ಪು ಉತ್ತಮವೇ. ಆದರೆ ಉತ್ತಮವೆಂದು ಹೇಳುವ ಅಧಿಕಾರ ಮಾತ್ರ ಬೇರೆಯವರದು. ಅದೇ ತಿಂಗಳಲ್ಲಿ ದೂರದ ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ ಇನ್ನೊಂದು ಬಗೆಯ ದರ್ಜೆ ಕಟ್ಟುವ ಕೆಲಸ ನಡೆಯುತ್ತದೆ. ವರ್ಷದ ಅತ್ಯುತ್ತಮ ವಿಡಿಯೋ ಗೇಮ್ ಯಾವುದೆಂದು ಅಲ್ಲಿ ಘೋಷಿಸುತ್ತಾರೆ.

‘ದಿ ಗೇಮ್ ಅವಾರ್ಡ್ಸ್’ ಎಂಬ ಈ ಪ್ರಶಸ್ತಿ ಆರಂಭವಾದದ್ದು 2014ರಲ್ಲಿ. 2023ರಲ್ಲಿ ‘ಬಾಲ್ಡರ್ಸ್ ಗೇಟ್ 3’, 2024ರಲ್ಲಿ ‘ಆಸ್ಟ್ರೋ ಬಾಟ್’, 2025ರಲ್ಲಿ ಫ್ರಾನ್ಸಿನ ‘ಕ್ಲೇರ್ ಅಬ್ಸ್‌ಕ್ಯೂರ್: ಎಕ್ಸ್‌ಪೆಡಿಷನ್ 33’ ಗೆದ್ದವು. ಬೆಟ್ಟದಪುರದ ಕಾಲೇಜು ಹುಡುಗರಲ್ಲಿ ಈ ಹೆಸರುಗಳನ್ನು ಕೇಳಿದವರು ಸಿಕ್ಕಿಯಾರು, ಆಡಿದವರು ಸಿಗುವುದು ಕಷ್ಟ. ಅವರ ಬಾಯಲ್ಲಿರುವುದು ಬಿಜಿಎಂಐ, ಇಲ್ಲವೇ ಫ್ರೀ ಫೈರ್ ಮ್ಯಾಕ್ಸ್. ಹಾಗಾದರೆ ಕೋಟ್ಯಂತರ ಜನ ಆಡುವ ಆಟಕ್ಕೆ ಈ ಪಟ್ಟಿಯಲ್ಲಿ ಜಾಗವಿಲ್ಲವೇಕೆ?

ಮೊದಲ ಕಾರಣ ಮತದ ಲೆಕ್ಕ. ಜಗತ್ತಿನ ನೂರಕ್ಕೂ ಹೆಚ್ಚು ಪತ್ರಿಕೆ ಮತ್ತು ಮಾಧ್ಯಮ ಸಂಸ್ಥೆಗಳ ತೀರ್ಪಿಗೆ ಇಲ್ಲಿ ಶೇ. 90ರಷ್ಟು ತೂಕ. ಆಡುವ ಸಾರ್ವಜನಿಕರ ಮತಕ್ಕೆ ಉಳಿದ ಶೇ. 10. ಎರಡನೆಯದು ವರ್ಷದ ಕಟ್ಟು. ಆಯಾ ವರ್ಷ ಬಿಡುಗಡೆಯಾದ ಆಟಕ್ಕಷ್ಟೇ ಮುಖ್ಯ ಪ್ರಶಸ್ತಿ. ಸುಗ್ಗಿ ಮುಗಿದ ಮೇಲೆ ಬಂದ ಸೊಪ್ಪನ್ನು ಹರಾಜು ಕಟ್ಟೆ ಕೇಳದು, ಇದೂ ಹಾಗೆಯೇ.

ಈ ಕಟ್ಟು ಎಷ್ಟು ಸಡಿಲ ಎಂಬುದಕ್ಕೆ ನಮ್ಮವರಿಗೆ ಚೆನ್ನಾಗಿ ಗೊತ್ತಿರುವ ಪಬ್‌ಜಿಯೇ ಸಾಕ್ಷಿ. ಕಂಪ್ಯೂಟರ್‌ನಲ್ಲಿ ಆಡುವ ಪಬ್‌ಜಿ 2017ರ ಮಾರ್ಚ್‌ನಲ್ಲಿ ಮಾರಾಟಕ್ಕೆ ಬಂತು. ಆದರೆ ಅದಿನ್ನೂ ಅಪೂರ್ಣ, ಗಾರೆ ಒಣಗುವ ಮುಂಚೆಯೇ ಗೃಹಪ್ರವೇಶ ಮಾಡಿದ ಹಾಗೆ. ಆ ವರ್ಷದ ಅಂತಿಮ ಸ್ಪರ್ಧಿಗಳಲ್ಲಿ ಅದೂ ಒಂದಾದಾಗ ದೊಡ್ಡ ವಾದವೇ ನಡೆಯಿತು. ಮುಗಿಯದ ಆಟವನ್ನು ಮುಗಿದ ಆಟದೊಡನೆ ತೂಗುವುದು ಹೇಗೆ? ಸಮಾರಂಭ ನಡೆದದ್ದು ಡಿಸೆಂಬರ್ 7ರಂದು, ಪಬ್‌ಜಿ ಪೂರ್ಣರೂಪದಲ್ಲಿ ಹೊರಬಂದದ್ದು ಡಿಸೆಂಬರ್ 20ರಂದು! ಹಲವರು ಒಟ್ಟಾಗಿ ಆಡುವ ಆಟಗಳ ವಿಭಾಗದಲ್ಲಿ ಅದಕ್ಕೆ ಬಹುಮಾನ ಬಂತು. ಮುಖ್ಯ ಪ್ರಶಸ್ತಿ ‘ಜೆಲ್ಡಾ: ಬ್ರೆತ್ ಆಫ್ ದಿ ವೈಲ್ಡ್’ ಪಾಲಾಯಿತು. ಜೆಲ್ಡಾ ಆಡಬಹುದಾದ ನಿಂಟೆಂಡೊ ಸ್ವಿಚ್ ಯಂತ್ರವನ್ನು ಆ ಕಂಪೆನಿ ಭಾರತದಲ್ಲಿ ಅಧಿಕೃತವಾಗಿ ಬಿಡುಗಡೆಯನ್ನೇ ಮಾಡಿರಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು.

ಮರುವರ್ಷದ್ದು ಇನ್ನೂ ಸ್ವಾರಸ್ಯಕರ. 2018ರಲ್ಲಿ ಪಬ್‌ಜಿ ಮೊಬೈಲಿಗೆ ಬಂದಿತ್ತು, ಹಳ್ಳಿಹಳ್ಳಿಗೂ ಹಬ್ಬಿತ್ತು. ಅತ್ಯುತ್ತಮ ಮೊಬೈಲ್ ಆಟದ ಸ್ಪರ್ಧೆಯಲ್ಲಿ ಅದನ್ನು ಸೋಲಿಸಿದ್ದು ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ತಯಾರಾದ ‘ಫ್ಲಾರೆನ್ಸ್’. ಅದರಲ್ಲಿ ಬಂದೂಕಿಲ್ಲ, ಗೆಲುವು ಸೋಲು ಇಲ್ಲ. ಒಬ್ಬ ಹುಡುಗಿಯ ಪ್ರೀತಿ ಹುಟ್ಟಿ ಮಾಸಿಹೋಗುವ ಕಥೆ, ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಇಬ್ಬರ ಮಾತುಕತೆಯನ್ನು ಚಿತ್ರದ ತುಣುಕುಗಳಂತೆ ನಾವೇ ಜೋಡಿಸಬೇಕು. ಹೊಸ ಪರಿಚಯದಲ್ಲಿ ತುಣುಕುಗಳು ಹಲವು, ಮಾತು ಹೊಂದಿಸುವುದು ಕಷ್ಟ. ಸಲುಗೆ ಬೆಳೆದಂತೆ ಅವು ಕಡಿಮೆಯಾಗುತ್ತವೆ. ಜಗಳ ಬಂದಾಗ ಅಂಚುಗಳು ಚೂಪಾಗುತ್ತವೆ. ಬೆರಳಿನ ಕೆಲಸವೇ ಭಾವನೆಯನ್ನು ಹೇಳುತ್ತದೆ. ಇದು ಸಿನಿಮಾ ಅಥವಾ ಕಾದಂಬರಿಗೆ ಆಗದ ಮಾತು, ಆಟಕ್ಕೆ ಮಾತ್ರ ಸಾಧ್ಯ. ತೀರ್ಪುಗಾರರು ಮೆಚ್ಚಿದ್ದು ಬಹುಶಃ ಇದನ್ನೇ ಇರಬೇಕು. ನನ್ನ ಮಟ್ಟಿಗೆ ಆ ತೀರ್ಪು ಸರಿ. ಆದರೆ ಆ ವರ್ಷ ನಮ್ಮ ಕಡೆ ಯಾರನ್ನು ಕೇಳಿದ್ದರೂ ಪಬ್‌ಜಿ ಎಂದೇ ಹೇಳುತ್ತಿದ್ದರು, ಅದನ್ನೂ ತಪ್ಪೆನ್ನಲಾಗದು.

ಪ್ರತಿ ವರ್ಷ ಇಂಥದೊಂದು ತಕರಾರು ಇದ್ದೇ ಇರುತ್ತದೆ. 2022ರಲ್ಲಿ ಪ್ರಶಸ್ತಿ ಪಡೆದ ‘ಎಲ್ಡನ್ ರಿಂಗ್’ ಆಟಕ್ಕೆ 2024ರಲ್ಲಿ ಬಂದ ಮುಂದುವರಿಕೆ ಭಾಗವೂ ಮುಖ್ಯ ಪ್ರಶಸ್ತಿಯ ಕಣಕ್ಕಿಳಿಯಿತು. ಹಳೆಯ ಮನೆಗೆ ಸೇರಿಸಿದ ಕೋಣೆಯನ್ನು ಹೊಸ ಮನೆಯೆನ್ನಬಹುದೇ ಎಂದು ಜನ ಕೇಳಿದರು. 2025ರಲ್ಲಿ ಸಣ್ಣ ತಯಾರಕರಿಗಾಗಿಯೇ ಇರುವ ‘ಇಂಡೀ ಗೇಮ್ ಅವಾರ್ಡ್ಸ್’ ಸಂಸ್ಥೆ ಕ್ಲೇರ್ ಅಬ್ಸ್‌ಕ್ಯೂರ್‌ಗೆ ಕೊಟ್ಟ ಪ್ರಶಸ್ತಿಯನ್ನೇ ಹಿಂದಕ್ಕೆ ಪಡೆಯಿತು. ತಯಾರಿಕೆಯಲ್ಲಿ ಕೃತಕ ಬುದ್ಧಿಮತ್ತೆ ಬಳಸಿದ್ದು ಅದಕ್ಕೆ ಕಾರಣ. ನಮ್ಮಲ್ಲಿ ಸಾಹಿತ್ಯ ಪ್ರಶಸ್ತಿಗಳು ಪ್ರಕಟವಾದ ಮರುದಿನದ ಗದ್ದಲ ಕಂಡವರಿಗೆ ಇದೇನೂ ಹೊಸದಲ್ಲ.

ವ್ಯತ್ಯಾಸವಿರುವುದು ಬೇರೆ ಕಡೆ. ಪುಸ್ತಕವಾಗಲಿ, ಸಿನಿಮಾ, ಯಕ್ಷಗಾನವಾಗಲಿ, ಚೆನ್ನಾಗಿದೆ ಎಂದವನನ್ನು ಕನ್ನಡದಲ್ಲಿ ಯಾಕೆ ಎಂದು ಕೇಳುತ್ತೇವೆ. ವಿಡಿಯೋ ಗೇಮ್‌ಗೆ ಆ ಮರ್ಯಾದೆ ಅಪರೂಪ. ಅದು ಮುಖಪುಟಕ್ಕೆ ಬಂದದ್ದು ಹೆಚ್ಚಾಗಿ ನಿಷೇಧದ ದಿನಗಳಲ್ಲೇ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ 118 ಆ್ಯಪ್‌ಗಳನ್ನು ತಡೆದಾಗ ಪಬ್‌ಜಿ ಮೊಬೈಲ್ ಹೋಯಿತು. 2021ರ ಜುಲೈನಲ್ಲಿ ಬಿಜಿಎಂಐ ಎಂಬ ಹೆಸರಿನಲ್ಲಿ ಬಂತು, 2022ರ ಜುಲೈನಲ್ಲಿ ಮತ್ತೆ ಮಾಯವಾಗಿ 2023ರ ಮೇ ತಿಂಗಳಲ್ಲಿ ಮರಳಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾಯ್ದೆ ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್ ಮತ್ತು ಸಾಮಾಜಿಕ ಆಟಗಳನ್ನು ಬೇರೆಯಾಗಿಯೇ ಇರಿಸಿತು. ಕಾಯ್ದೆ ಗುರುತಿಸಿದ ಆ ಗೆರೆಯನ್ನು ಮನೆಯ ಹಿರಿಯರು ಇನ್ನೂ ಗುರುತಿಸಿಲ್ಲ. ಮೊಬೈಲ್ ಹಿಡಿದ ಹುಡುಗ ಜೂಜಾಡುತ್ತಿದ್ದರೂ ಒಂದೇ ಬೈಗುಳ, ಒಗಟು ಬಿಡಿಸುತ್ತಿದ್ದರೂ ಅದೇ ಬೈಗುಳ.

ಮೈಸೂರಿನ ಸೀಮೆಯಲ್ಲಿ ಹೀಗಾಗಿರುವುದು ಸೋಜಿಗ. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಿತ್ತುಕೊಂಡ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರು ಆಟಗಳನ್ನು ವಿದ್ಯೆಯಂತೆಯೇ ಬೆಳೆಸಿದರು. ಚದುರಂಗದ ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮೆಟ್ಟುವ ಬಂಧಗಳನ್ನು ರಚಿಸಿದರು, ಗಂಜೀಫಾ ಎಲೆಗಳ ಹೊಸ ಕಟ್ಟುಗಳನ್ನು ಕಲ್ಪಿಸಿದರು. ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯಲ್ಲಿ ಆಟಗಳಿಗೇ ಜಾಗ ಕೊಟ್ಟರು. ಅರಸರ ಆಟಕ್ಕೆ ಸಿಕ್ಕ ಗೌರವ ಹೊಗೆಸೊಪ್ಪು ಬೆಳೆಯುವವರ ಮಕ್ಕಳ ಆಟಕ್ಕೆ ಸಿಗಬೇಡವೇ ಎಂದು ಯಾರಾದರೂ ಕೇಳಿದರೆ ಉತ್ತರ ಹೇಳುವುದು ಕಷ್ಟ.

ಮಕ್ಕಳಲ್ಲಿ ವಿಮರ್ಶೆಯ ಸರಕು ಇಲ್ಲದೆ ಇಲ್ಲ. ಬಿಜಿಎಂಐ ಮೇಲೋ ಫ್ರೀ ಫೈರ್ ಮೇಲೋ ಎಂಬ ಅವರ ಜಗಳವನ್ನು ಸ್ವಲ್ಪ ನಿಂತು ಕೇಳಬೇಕು. ಬಿಜಿಎಂಐನಲ್ಲಿ 100 ಜನ, ಎಂಟು ಕಿಲೋಮೀಟರ್ ಉದ್ದ ಅಷ್ಟೇ ಅಗಲದ ಎರಾಂಗಲ್ ದ್ವೀಪ. ಅಲ್ಲಿ ಹೊಂಚು ಹಾಕಿ ಕಾಯುವ ತಾಳ್ಮೆ ಬೇಕು. ಫ್ರೀ ಫೈರ್‌ನಲ್ಲಿ 50 ಜನ, ಸುಮಾರು ಹತ್ತು ನಿಮಿಷದಲ್ಲಿ ಆಟ ಮುಗಿಯುತ್ತದೆ, ಅಗ್ಗದ ಫೋನಿನಲ್ಲೂ ಓಡುತ್ತದೆ. 2021ರ ಫೆಬ್ರುವರಿಯಲ್ಲಿ ಭಾರತಕ್ಕೆ ಬಂದಾಗ ಪ್ಲೇಸ್ಟೇಷನ್ 5ರ ಬೆಲೆ 49,990 ರೂಪಾಯಿ ಇತ್ತು. ಅದನ್ನು ಕೊಳ್ಳಲಾಗದವನಿಗೆ ಅಗ್ಗದ ಫೋನಿನಲ್ಲಿ ಓಡುವುದೂ ಆಟದ ಗುಣವೇ. ಲಾಸ್ ಏಂಜಲೀಸ್‌ನ ತಕ್ಕಡಿಯಲ್ಲಿ ಈ ಗುಣಕ್ಕೆ ತೂಕವಿಲ್ಲ. ಪಿರಿಯಾಪಟ್ಟಣದ ಬಸ್ಸಿಗೆ ಇನ್ನು ಹನ್ನೆರಡೇ ನಿಮಿಷ ಇರುವಾಗ ಬೆಟ್ಟದಪುರದ ಹುಡುಗ ಎರಡರಲ್ಲಿ ಯಾವುದನ್ನು ತೆರೆಯುತ್ತಾನೆಂದು ಬೇರೆ ಹೇಳಬೇಕಿಲ್ಲ.